ಐವತ್ತೆಂಟರ ಮುಂಜಿ

ಮೂರನೇ ಸಲ ಉರಿಮೂತ್ರ.
ಭಟ್ಟಿಯ ಹಿಂದೆ ಗೋಡೆ ಹಿಡಿದು ನಿಂತರೆ
ಬಾಣಲೆಯ ಕಾದ ಮರಳೇ ಇಳಿದಂತೆ, ತೊಟ್ಟು ತೊಟ್ಟು.

'ಸಕ್ಕರೆ ಕಾಯಿಲೆ. ತೊಗಲು ಬಿಗಿದಿದೆ,
ಮುಂದೊಗಲು ತೆಗೀಬೇಕು' ಅಂದರು ಡಾಕ್ಟರು
ನನ್ನ ವಿಭೂತಿಯತ್ತ ನೋಡದೆ.

ದಾವಣಗೆರೆಗೆಲ್ಲ ಹರ್ನಿಯಾ ಅಂದೆ.
ಜರಡಿ ಹಿಡಿದ ಖಾಜಾಹುಸೇನನಿಗೆ ಮಾತ್ರ
ಕೇಳಿಯೇಬಿಟ್ಟೆ: ನಿನ್ನ ಮುಂಜಿಯಲ್ಲಿ ನೋವಾಯ್ತೇನೋ?

'ಏಳು ವರ್ಷ ನಂಗೆ, ಸಾವ್ಕಾರ್ರೆ.
ಮೇಲೆ ಗುಬ್ಬಿ ನೋಡು ಅಂದ್ರು, ನೋಡ್ದೆ.
ಗುಬ್ಬಿ ಇರ್ಲಿಲ್ಲ.
ಆ ಸಿಟ್ಟು ಇನ್ನೂ ಐತಿ.'

ಮೇಜಿನ ಮೇಲೆ ಮಲಗಿ ನಾನೂ ನೋಡಿದೆ.
ಬರೀ ಫ್ಯಾನು.

ಹತ್ತನೇ ದಿನ ಬಂದ.
'ಸಕ್ಕರೆ ತಿನ್ನಿಸೋದು ಪದ್ಧತಿ. ನಿಮಗೆ ಬ್ಯಾಡ.'
ನನ್ನ ಟವೆಲ್ಲಿಗೆ ಸುರಿದ, ಬಿಸಿ ಮಂಡಕ್ಕಿ.

ಈಗ ಅದೇ ಗೋಡೆಗೆ
ಧಾರೆ ನೇರ, ಉರಿ ಇಲ್ಲ.
ಯಾರಾದರೂ ಕೇಳಿದರೆ ಹರ್ನಿಯಾ ಅನ್ನುತ್ತಾಳೆ ಹೆಂಡತಿ
ಕಣ್ಣು ಮಿಟುಕಿಸದೆ.