ಷರಾ

ಶಿವಾಜಿನಗರ, ಪುಣೆ. ಹವಾಮಾನ ಕಚೇರಿಯ ನೆಲಮಾಳಿಗೆ.
ವಿಜಾಪುರದ ಬಿಸಿಲುಂಡು ಬೆಳೆದ ನನಗಿಲ್ಲಿ ಕೆಲಸ ಇಷ್ಟೆ:
ಸತ್ತವರು ಬರೆದಿಟ್ಟ ಬಿಸಿಲನ್ನು
ತಿದ್ದುವುದು.

ಹುಲ್ಲುಚಾವಣಿಯ ಕೆಳಗೆ ತೂಗುತ್ತಿದ್ದ ಪಾದರಸ
ಒಂದು ಮಾರ್ಚಿನಲ್ಲಿ ಬಿಳಿ ಪೆಟ್ಟಿಗೆಗೆ ಬಂತು.
ನಾಲ್ಕು ಕಾಲು, ಪಕ್ಕೆಲುಬಿನಂಥ ಪಟ್ಟಿಗಳು,
ಗಾಳಿ ಬರಬಹುದು, ಬಿಸಿಲು ಬರಕೂಡದು.
ಮರುದಿನದಿಂದಲೇ ಊರು ಅರ್ಧ ಡಿಗ್ರಿ ತಣ್ಣಗಾಯಿತು,
ಕಾಗದದ ಮೇಲೆ.
ಟಾಂಗಾ ಕುದುರೆಗಳಿಗೆ ಸುದ್ದಿಯೇ ಇಲ್ಲ,
ಅವು ಹಾಗೇ ನೊರೆ ಕಾರುತ್ತಿದ್ದವು.

ಆ ಅರ್ಧವನ್ನು ಹುಡುಕುತ್ತೇನೆ.
ಯಾವಾಗ ಬಣ್ಣ ಬಳಿದರು, ಯಾವ ವರ್ಷ ಮರೆತರು,
ಪಕ್ಕದಲ್ಲಿ ಗ್ಯಾರೇಜು ಎದ್ದದ್ದು ಎಂದು,
ಗೆದ್ದಲು ಹಿಡಿದ ಕಾಲು ಎಷ್ಟು ಇಂಚು ಕುಸಿಯಿತು.

ಖಾಂಬೇಟೆ ಎಂಬವನ ಕೈಬರಹ ನನಗೀಗ ಗುರುತು.
ಅಂಕಿ ನೆಟ್ಟಗೆ, ಷರಾ ಮಾತ್ರ ವಾಲಿಕೊಂಡು:
"ಹೊಸ ಪೆಟ್ಟಿಗೆ ಎತ್ತರ. ನಾನು ಗಿಡ್ಡ.
ಇಂದಿನಿಂದ ಇಟ್ಟಿಗೆಯ ಮೇಲೆ ನಿಂತು ಓದುವೆ."
ಹಾಗಾದರೆ ನಿನ್ನೆಯವರೆಗೆ, ಮಹಾರಾಯಾ,
ಕೆಳಗಿನಿಂದ ಕತ್ತೆತ್ತಿ ಓದಿದೆಯಲ್ಲ,
ಅದಕ್ಕೆ ನಾನೆಷ್ಟು ಕೂಡಿಸಲಿ?

ಇವತ್ತು ಕಂಪ್ಯೂಟರು ಒಂದು ಸಂಖ್ಯೆಯನ್ನು ಕೆಂಪಾಗಿಸಿತು.
ಜುಲೈ ಹತ್ತೊಂಬತ್ತು, ಗರಿಷ್ಠ, ಫ್ಯಾರನ್‌ಹೀಟಿನಲ್ಲಿ
ನೂರಾಮೂರು ಪಾಯಿಂಟ್ ನಾಲ್ಕು.
ಮುಠಾ ಹೊಳೆ ದಡ ಮೀರಿದ ವಾರ ಅದು!
ಅಸಾಧ್ಯ, ಹೊಡೆದುಹಾಕು, ಎಂದಿತು ಸೂತ್ರ.

ರಿಜಿಸ್ಟರು ತರಿಸಿದೆ. ನುಸಿ ತಿಂದು ಅಂಚೆಲ್ಲ ಜರಡಿ.
ಅಂಕಣದ ಗೆರೆಗೆ ಒತ್ತಿಕೊಂಡು, ಅದೇ ಶಾಯಿಯಲ್ಲಿ:
"ಯಮೂ. ರಾತ್ರಿ."
ಮಗಳ ಕಂಕುಳಲ್ಲಿ ಓದಿದ್ದನ್ನು
ಎಲ್ಲಿ ಬರೆಯಬೇಕೋ ತಿಳಿಯದೆ
ಬರೆದು ರೂಢಿಯಿದ್ದಲ್ಲಿ ಬರೆದುಬಿಟ್ಟಿದ್ದಾನೆ.

ಇಪ್ಪತ್ತು: ನೂರಾನಾಲ್ಕು.
ಇಪ್ಪತ್ತೊಂದು: ಮಳೆ ಒಂದು ಇಂಚು ನಲವತ್ತು ಸೆಂಟು. ಪಡುವಣ ಗಾಳಿ.
ಷರಾ ಖಾಲಿ.

ಮುಂದಿನ ಪುಟ ತಿರುವಿದೆ, ಅದರ ಮುಂದಿನದು.
ಬೆಳಿಗ್ಗೆ ಎಂಟು, ಸಂಜೆ ನಾಲ್ಕು, ಒಂದೂ ತಪ್ಪಿಲ್ಲ.
ಕೈ ನಡುಗಿತ್ತೇ ಎಂದು ಏಳರ ಬಾಲ ನೋಡಿದೆ.
ತಿಳಿಯಲಿಲ್ಲ.

ನಿಯಮದಂತೆ ಅಳಿಸಿದೆ. ಆ ಹತ್ತೊಂಬತ್ತು ಈಗ
ಎಂಬತ್ತೊಂದು, ನೆರೆಯ ಠಾಣೆಗಳ ಸರಾಸರಿ.
ಕಾರಣ ಕೇಳುವ ಚೌಕದಲ್ಲಿ ಇರುವುದು ಐದೇ:
ಪೆಟ್ಟಿಗೆ ಬದಲು, ಜಾಗ ಬದಲು, ಉಪಕರಣ ದೋಷ,
ಓದಿನ ದೋಷ, ಇತರೆ.

ಇತರೆ ಒತ್ತಿದೆ.
ವಿವರ ಬರೆಯಿರಿ, ಎಂದಿತು. ಕರ್ಸರು ಮಿಡಿಯುತ್ತ ನಿಂತಿತು.
ಮೇಲೆ ಅಂಗಳದಲ್ಲಿ ಏಸಿಯ ಹೊರಪೆಟ್ಟಿಗೆ
ಈಗಿನ ತಾಪಮಾಪಕದತ್ತ ಬಿಸಿಯುಸಿರು ಬಿಡುತ್ತಿತ್ತು.