ಭಾರಕ್ಕಂತ ಒಂದು ತುಂಡು ಕಬ್ಬಿಣ

ಬೆಟಗೇರಿಯ ಮಗ್ಗದ ಓಣಿಯೊಳಗ
ದಾವಲಸಾಬನ ಟೀವಿ ರಿಪೇರಿ ಅಂಗಡಿ.
ಅರ್ಧ ತಾಸಿಗೆ ಎರಡು ರೂಪಾಯಿ,
ಬಂದೂಕು ಬೇಕಂದ್ರ ಮ್ಯಾಲೆ ಎಂಟಾಣೆ.
ಕಿತ್ತಳಿ ಬಣ್ಣದ ಪ್ಲಾಸ್ಟಿಕ್ಕು, ಹಿಡಿಕಿಗೆ ಬಾಲದಂಥ ವಾಯರು,
ಕುದುರಿ ಎಳೆದರ ಒಳಗೊಂದು ಸ್ಪ್ರಿಂಗು ಟಂಯ್ ಅಂತಿತ್ತಂತ.
ಗ್ವಾಡಿ ಆಚಿ ಪಾವರ್‌ಲೂಮು.
ನಮ್ಮ ಗುಂಡಿನ ಸಪ್ಪಳ ನಮಗ ಕೇಳಿದ್ದಿಲ್ಲ.

ಟೀವಿ ಕಪ್ಪು-ಬಿಳಿ.
ಹಾರೋ ಬಾತುಕೋಳಿ ಹಸರು ಅಂತ ನಾನು,
ಕೆಂಪು ಅಂತ ನಾಗೂಸಾ,
ಎರಡು ದಿನ ಮಾತು ಬಿಟ್ಟಿದ್ದಿವಿ.
ಆಮ್ಯಾಲೆ ಅವನ ಬಂದು ಕಿವ್ಯಾಗ ಹೇಳಿದ:
ಟೀವಿಗೆ ಬ್ಯಾಡಲೇ, ಬಲ್ಬಿಗೆ ಹಿಡಿ.
ಮಾಡಿನಿಂದ ಇಳಿಬಿದ್ದ ನಲವತ್ತು ಕ್ಯಾಂಡಲ್ಲಿನ ಬಲ್ಬಿಗೆ ಗುರಿ ಹಿಡದರ
ಅತ್ತಲಾಗ ಒಂದೊಂದ ಬಾತುಕೋಳಿ ತಪ್ಪದ ಬೀಳತಿತ್ತು.
ಮಾಯಾ ಅಂದ್ಕೊಂಡಿವಿ.
ದಾವಲಸಾಬ ನೋಡಿ, ಏನೂ ಅನ್ನಲಿಲ್ಲ,
ಮರುದಿನ ಬಲ್ಬು ತೆಗೆದಿದ್ದ.

ಕತ್ತಲಾದ ಅಂಗಡಿಗೆ
ನಾಗೂಸಾನ ಅವ್ವ ತುಳಜಾಬಾಯಿ ಬಂದಳು, ಕೈಯಾಗ ಹುಣಸಿ ಬರಲು.
ಮಗನ ಬೆನ್ನಿಗೆ ಎರಡು ಕೊಟ್ಟು,
ಉಳಿದದ್ದು ಎಷ್ಟು ಹೊತ್ತು ಅಂತ ಕೇಳಿದಳು.
ಹತ್ತು ಮಿಂಟು.
ರೊಕ್ಕ ಹಾಳಾಗಬಾರದಲ್ಲ, ಕೊಡಿಲ್ಲೆ.
ಒಂದು ಕಣ್ಣು ಮುಚ್ಚಬೇಕ ಅತ್ಯಾ, ಅಂದೆ.
'ನನ್ನದು ಮುಚ್ಚೇ ಐತಿ ಹೋಗ'.

ಇಪ್ಪತ್ತನೇ ವರ್ಷಕ್ಕ ಮಗ್ಗದಿಂದ ಲಾಳಿ ಸಿಡಿದು
ಎಡಗಣ್ಣಿಗೆ ಬಡಿದಿತ್ತು.
ಹಾಲಿನ ಹನಿ ಕುಂತಂಗ ಬೆಳ್ಳಗ.
ಆ ಕಣ್ಣು ನಮ್ಮನ್ನ ನೋಡುತ್ತಿತ್ತೋ, ಇಲ್ಲೋ,
ನಾವಂತೂ ಅದನ್ನ ನೋಡತಿದ್ದಿಲ್ಲ.
ಅವತ್ತು ಆ ಹತ್ತು ಮಿಂಟಿನಾಗ
ಎಲಿ-ಅಡಕಿ ಒಂದು ದವಡಿಗೆ ಸರಿಸಿ
ಮೂವತ್ತೊಂದು ಬಾತುಕೋಳಿ ಕೆಡವಿದಳು.
ಒಂದಕ್ಕೂ ಉಸಿರು ಬಿಗಿ ಹಿಡಿಲಿಲ್ಲ.
ಕರೆಂಟು ಹೋತು, ಇಲ್ಲಾಂದ್ರ.

ನಾನೀಗ ಗದಗಿನಾಗ ಪ್ರೆಸ್ಸು ಇಟ್ಟೀನಿ,
ಮದುವಿ ಕಾರ್ಡು, ತೊಟ್ಟಲ ಕಾರ್ಡು.
ಆ ಬಂದೂಕು ನನ್ನ ಹತ್ತಿರ ಐತಿ;
ದಾವಲಸಾಬ ಅಂಗಡಿ ಖಾಲಿ ಮಾಡುವಾಗ ಬೇಡಿ ತಂದದ್ದು.
ದೀಪಾವಳಿಗೆ ತಗೊಂಡ ಗ್ವಾಡಿ ಟೀವಿಗೆ ಹಚ್ಚಿದೆ.
ಬಾತುಕೋಳಿ ಹಾರಿದುವು, ಹಸರು ಹಸರ,
ಒಂದೂ ಬೀಳಲಿಲ್ಲ.
ಮೂಗು ತಾಗುವಷ್ಟು ಹತ್ತಿರ ಹೋದರೂ ಇಲ್ಲ.

ಮುದುಕ ದಾವಲಸಾಬ ಸ್ಕ್ರೂಡ್ರೈವರ್ ಹುಡುಕಲಿಕ್ಕೆ
ಬಂದೂಕು ಬಿಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡ.
ಒಳಗ: ಒಂದು ಸಣ್ಣ ಬಿಲ್ಲಿ ಗಾಜು,
ಕಡ್ಲಿಕಾಳಿನಷ್ಟು ಒಂದು ಕರೇ ಗುಂಡಿ,
ಮತ್ತ ಸುಮ್ಮನ ಒಂದು ತುಂಡು ಕಬ್ಬಿಣ.
ಇದು ಯಾಕ?
ಭಾರಕ್ಕ. ಹಗುರ ಇದ್ದರ ಬಂದೂಕಂತ ಯಾರು ನಂಬತಾರ?

'ಇದು ಏನೂ ಹೊಡಿಯೂದಿಲ್ಲಪಾ.
ಕುದುರಿ ಎಳದಾಗ ಟೀವಿ ಒಂದ ರೆಪ್ಪಿ ಬಡಿತದಷ್ಟು ಕಪ್ಪಾಗತೈತಿ,
ಹಕ್ಕಿ ಇದ್ದಲ್ಲೆ ಒಂದು ಬಿಳೇ ಚೌಕ.
ಆ ಬೆಳಕ ಇದಕ್ಕ ಕಂಡರ, ಬಿತ್ತು. ಕಾಣದಿದ್ದರ, ಇಲ್ಲ.
ನಿನ್ನ ಹೊಸಾ ಟೀವಿ ತಡಾ ಮಾಡತೈತಿ.
ಕಣ್ಣು ಕಾಯೂದಿಲ್ಲ.'

ಹಂಗಾದರ ನಾವು ಅಷ್ಟು ವರ್ಷ
ಕೊಂದದ್ದು ಯಾರನ್ನೂ ಅಲ್ಲ.
ಹೊಡೆದದ್ದು ಲಾಳಿ.
ಬಂದೂಕು ನೋಡತಿತ್ತು.

ಅಟ್ಟದ ಮ್ಯಾಲಿಂದ ಹಳೇ ಟೀವಿ ಇಳಿಸಿದಿವಿ, ಇಬ್ಬರೂ ಏದುಸಿರು.
ಹಿಂದ ಇಲಿ ಗೂಡು ಮಾಡಿತ್ತು.
ಮೂರು ದಿನಕ್ಕ ಗೆರಿ ಗೆರಿ ಬಂತು, ನಾಕನೇ ದಿನ ಹಕ್ಕಿ.
ನಾಗೂಸಾ ಅವ್ವನ್ನ ಗಾಡಿ ಮ್ಯಾಲೆ ಕರಕೊಂಡು ಬಂದ.
ಹೋದ ತಿಂಗಳ ಕ್ಯಾಂಪಿನ್ಯಾಗ ಆಪರೇಶನ್ ಆಗೇತಿ,
ಕರೇ ಚಾಳೀಸು, ಎಪ್ಪತ್ತು ದಾಟಿದ ಮೊಣಕಾಲು.
ಸ್ಟೂಲಿನ ಮ್ಯಾಲೆ ಕುಂತಳು, ಚಾಳೀಸು ತೆಗೆದಳು,
ಬಂದೂಕು ಎತ್ತಿದಳು, ಇಳಿಸಿದಳು.
ಹಕ್ಕಿ ಹಾರಿ ಹೋತು.
ಇನ್ನೊಂದು ಹೋತು.

ನಮ್ಮ ಕಡೆ ತಿರುಗಿ, ಎರಡೂ ಕಣ್ಣು ಅಗಲಿಸಿ,
ನಲವತ್ತೈದು ವರ್ಷದಾಗ ಮೊದಲನೇ ಸಲ ಕೇಳಬೇಕಾಗಿ ಬಂದದ್ದು ಕೇಳಿದಳು:
'ಯಾವ್ದು ಮುಚ್ಚಲೋ?'