ಬೆನ್ನು ಬಿಸಿಲಿಗೆ

ಮಾವನ ಗೋರಿಯ ಮೇಲೆ ಎರಡು ವರ್ಷ ಬರೀ ಎಲೆ.
ಐರಿಸ್ ಕತ್ತಿ ಹಿರಿದು ನಿಂತಿದೆ, ಹೂವಿಲ್ಲ.
ಸುಬ್ಹಾನ ವುಲರ್ ಸರೋವರದಿಂದ ನೀರು ಹೊತ್ತ,
ಕುರಿಗೊಬ್ಬರ ಸುರಿದ.
ಇನ್ನಷ್ಟು ಕೊಳೆಯಿತು.

ಈ ಜುಲೈನಲ್ಲಿ ನಾನೇ ಕೆದಕಿದೆ:
ಗೆಡ್ಡೆ ಸಿಕ್ಕಿದ್ದು ಮೊಣಕೈ ಆಳದಲ್ಲಿ!
ಅಯ್ಯೋ ಪುಣ್ಯಾತ್ಮ,
ಮೂವತ್ತು ವರ್ಷ ಊರನ್ನೆಲ್ಲ ಮಣ್ಣಿಗಿಟ್ಟ ಕೈ
ಇದನ್ನೂ ಹಾಗೇ ಇಟ್ಟಿದೆ.

‘ಇದರ ಬೆನ್ನು ಹೊರಗಿರಬೇಕು ಮಾರಾಯ,
ಬೇರು ಮಾತ್ರ ಒಳಗೆ.
ನಿಮ್ಮಪ್ಪ ಅಂಗಡಿ ಜಗಲಿಯಲ್ಲಿ
ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲವೆ, ಹಾಗೆ.’

ಮೆತ್ತಗಾದದ್ದನ್ನು ಕುಯ್ದೆ,
ಗಾಯಕ್ಕೆ ಕಾಂಗ್ಡಿಯ ಬೂದಿ ಮೆತ್ತಿದೆ,
ಎಲೆ ಬೀಸಣಿಗೆಯಷ್ಟು ಉಳಿಸಿ ಕತ್ತರಿಸಿದೆ.
ಮೂರು ಹೋಳು ಮಾವನಿಗೆ, ನಾಲ್ಕು ಅತ್ತೆಗೆ
(ಅವಳಿಗೆ ಯಾವತ್ತೂ ಒಂದು ಹೆಚ್ಚು ಬೇಕು).
ಮಿಕ್ಕ ಒಂದನ್ನು ಸೆರಗಲ್ಲಿ ಮನೆಗೆ ತಂದೆ,
ಹಾಕ್ ಸೊಪ್ಪಿನ ಮಡಿಯ ಪಕ್ಕಕ್ಕೆ.

‘ಗೋರಿಯ ಹೂ, ಹಿತ್ತಿಲಲ್ಲಾ?’ ಎಂದ.
‘ಸತ್ತವರು ನೋಡಿದ್ದು ಸಾಕು.’

ಸುಮ್ಮನೆ ನಿಂತ.
ಆಮೇಲೆ ಸಲಿಕೆ ಗೋಡೆಗೊರಗಿಸಿ,
ಒಳಗಿಂದ ಉಪ್ಪುಚಹಾದ ಚಮಚ ತಂದು
ಕುಕ್ಕರಗಾಲಲ್ಲಿ ಕೂತ.
ಒಂದು ಚಮಚ ಮಣ್ಣು ತೆಗೆಯುವುದು,
ಕತ್ತೆತ್ತಿ ನನ್ನನ್ನು ಕೇಳುವುದು:
ಸಾಕಾ?
ಇಷ್ಟು ಸಾಕಾ?